ಒಬ್ಬರಿಗೆ ಒಂದೇ ಪ್ರಶ್ನೆ

ಅಕ್ಕ ಇಸ್ತ್ರಿ ಕಾಯಿಸಿಕೊಂಡು, ಗಿರಾಕಿಯೊಬ್ಬರ ಬಿಳಿ ಅಂಗಿಯನ್ನು ಹಲಗೆಯ ಮೇಲೆ ಹರಡಿ, ಪಕ್ಕದಲ್ಲಿದ್ದ ನೀರು ಚಿಮುಕಿಸುವ ಬಾಟಲಿಯಿಂದ ನಾಲ್ಕು ಸಲ ಪಿಚಕ್ ಪಿಚಕ್ ಎನ್ನಿಸಿ ಇಸ್ತ್ರಿ ಒತ್ತಿದಳು. ಹಬೆ ಎದ್ದಿತು. ಹಬೆಯ ಜೊತೆಗೆ ವಾಸನೆಯೂ ಎದ್ದಿತು. ಅಕ್ಕ ಅಂಗಿಯನ್ನು ಮೂಸಿದಳು. ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಆಮೇಲೆ ಹೊಲಿಗೆ ಯಂತ್ರದ ಮುಂದೆ ತಲೆ ತಗ್ಗಿಸಿ ಕೂತಿದ್ದ ತಂಗಿಯ ಹತ್ತಿರ ಬಂದು ಅವಳನ್ನೂ ಮೂಸಿದಳು.

"ಏನೇ ಇದು? ಗಿರಾಕಿ ಅಂಗಿಗೂ ಕುಡಿಸ್ತಿದ್ದೀಯಾ?"

ಅವರದು ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ. ಹೊಲಿದದ್ದನ್ನು ಹಿಡಿಸುವುದು, ಬಿಡಿಸುವುದು, ಗಿಡ್ಡ ಮಾಡುವುದು, ಹರಿದದ್ದನ್ನು ಕಾಣದಂತೆ ಕೂಡಿಸುವುದು. ನಡೆಸುವವರು ಇಬ್ಬರು ಹೆಂಗಸರು. ಗಿರಾಕಿಗಳೆಲ್ಲ ದೊಡ್ಡವಳನ್ನು ಅಕ್ಕ ಎಂದೂ ಚಿಕ್ಕವಳನ್ನು ತಂಗಿ ಎಂದೂ ಕರೆಯುತ್ತಿದ್ದರು. ತಂಗಿಗೆ ನಲವತ್ತನಾಲ್ಕು ತುಂಬಿ ಕಿವಿಯ ಹಿಂದೆ ಕೂದಲು ನರೆತಿದ್ದರೂ, ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವರೂ ಅವಳನ್ನು ತಂಗಿ ಎಂದೇ ಕೂಗುತ್ತಿದ್ದರು. ಅವಳ ಕುಡಿತ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂಥದ್ದು. ಯಾರಿಗೂ ಗೊತ್ತಿಲ್ಲ ಎಂದು ಅವಳು ನಂಬಿದ್ದಳು. ಅಕ್ಕನಿಗೆ ಮೂರು ಸಲ ಗೊತ್ತಾಗಿ, ಮೂರು ಸಲ ಮಾತು ಕೊಟ್ಟು, ಮೂರು ಸಲವೂ ಮುರಿದಿದ್ದಳು. ಇಸ್ತ್ರಿ ಬಾಟಲಿಯದು ನಾಲ್ಕನೆಯ ಸಲ.

"ಮಾತು ಕೊಡ್ಬೇಡ ಈ ಸಲ," ಎಂದಳು ಅಕ್ಕ, ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದುತ್ತಾ. "ನಿನ್ನ ಮಾತು ಇಟ್ಕೊಳ್ಳೋಕೆ ನನ್ನ ಹತ್ರ ಜಾಗ ಇಲ್ಲ. ಬೈದು ಬೈದು ನನ್ನ ಬಾಯೂ ಸವೀತು. ಇದನ್ನ ಅನುಭವಿಸಿದವರು ಎಲ್ಲಾದ್ರೂ ಇರ್ತಾರೆ, ಅವರ ಹತ್ರ ಹೋಗಿ ಹೇಳ್ಕೋ."

ಅಂಥವರು ಎಲ್ಲಿರುತ್ತಾರೆ ಎಂದು ತಂಗಿಗೆ ತಿಳಿದಿರಲಿಲ್ಲ. ಆದರೆ ಗುಂಡಿ ದಾರ ತರುವ ಸಗಟು ಅಂಗಡಿಯ ಎದುರಿಗೆ ಕಾರು ಕಲಿಸುವ ಶಾಲೆಯೊಂದಿತ್ತು. ಅದರ ಮೆಟ್ಟಿಲ ಬಳಿಯ ಹಲಗೆಗೆ ಅಂಟಿಸಿದ್ದ ಒಂದು ಚೀಟಿಯನ್ನು ಅವಳು ಎಷ್ಟೋ ತಿಂಗಳಿಂದ ಓದದವಳ ಹಾಗೆ ಓದುತ್ತಿದ್ದಳು. "ಕುಡಿತ ಬಿಡಬೇಕೆಂದಿರುವವರು ಗುರುವಾರ ಸಂಜೆ ಆರಕ್ಕೆ ಮೇಲಿನ ಕೋಣೆಗೆ ಬನ್ನಿ. ಬುದ್ಧಿ ಹೇಳುವುದಿಲ್ಲ."

ಬುದ್ಧಿ ಹೇಳುವುದಿಲ್ಲ! ಹಾಗಾದರೆ ಇನ್ನೇನು ಮಾಡುತ್ತಾರೆ? ಒಂದು ಗಂಟೆ ಹೊತ್ತು ಮುಖ ಮುಖ ನೋಡಿಕೊಂಡು ಕೂರುತ್ತಾರಾ? ನಿಜ ಹೇಳಬೇಕೆಂದರೆ ಅವಳನ್ನು ಆ ಮೆಟ್ಟಿಲು ಹತ್ತಿಸಿದ್ದು ಪಶ್ಚಾತ್ತಾಪವಲ್ಲ, ಈ ಕುತೂಹಲ.

ಮೇಲೆ ಪಾಠದ ಕೋಣೆ. ಗೋಡೆಯ ತುಂಬ ರಸ್ತೆಯ ಚಿಹ್ನೆಗಳು: ಮುಂದೆ ತಿರುವಿದೆ, ಹಾರ್ನ್ ಮಾಡಬೇಡಿ, ರಸ್ತೆ ಕಿರಿದಾಗಿದೆ. ಮೇಜಿನ ಮೇಲೆ ಕಲಿಯುವವರ ಕೈಗೆ ಕೊಡುವ ಒಂಟಿ ಸ್ಟೇರಿಂಗು. ಎಂಟು ಕುರ್ಚಿಗಳು ಸುತ್ತ. ಶಾಲೆಯನ್ನು ನಡೆಸುವ ಮಾಸ್ತರೇ ಸಭೆಯನ್ನೂ ನಡೆಸುವವರು. ದಪ್ಪ ಮನುಷ್ಯ, ಸಣ್ಣ ದನಿ. ಹದಿನಾಲ್ಕು ವರ್ಷದ ಹಿಂದೆ ಕುಡಿತ ಬಿಟ್ಟವರು.

"ಇಲ್ಲಿ ಹೆಸರು ಕೇಳಲ್ಲ," ಎಂದರು ಅವರು. "ಮಾಡೋ ಕೆಲಸದಿಂದ ಕರೀತೀವಿ. ನೀವು?"

"ಬಟ್ಟೆ... ಹೊಲಿಗೆ."

"ದರ್ಜಿ. ಸರಿ. ಇಲ್ಲಿ ಕಂಡದ್ದು ಕೇಳಿದ್ದು ಮೆಟ್ಟಿಲು ಇಳೀಬಾರದು. ಬೀದೀಲಿ ಎದುರಾದ್ರೆ ಗುರುತಿಲ್ಲ. ಒಬ್ಬರು ಮಾತಾಡಿದ ಮೇಲೆ ಉಳಿದವರು ಒಂದೊಂದು ಪ್ರಶ್ನೆ ಕೇಳಬಹುದು. ಒಬ್ಬರಿಗೆ ಒಂದೇ. ಯಾರಾದ್ರೂ ಬುದ್ಧಿ ಹೇಳಿದ್ರೆ ಅವತ್ತು ಟೀ ಕಪ್ಪೆಲ್ಲ ಅವರೇ ತೊಳೀಬೇಕು."

"ಹಾಗಾಗಿ ಮೂರು ವರ್ಷದಿಂದ ನಾನೇ ತೊಳೀತಿದೀನಿ," ಎಂದ ಒಬ್ಬ ಉದ್ದನೆಯ ಆಸಾಮಿ. ಅವನು ಲಿಫ್ಟ್ ರಿಪೇರಿ ಮಾಡುವವನು. ಎಲ್ಲರೂ ಲಿಫ್ಟು ಎಂದೇ ಕರೆಯುತ್ತಿದ್ದರು.

ತಂಗಿ ಅಂಥ ಪ್ರಶ್ನೆಗಳನ್ನು ಜನ್ಮದಲ್ಲಿ ಕೇಳಿರಲಿಲ್ಲ. ಖಾಲಿ ಬಾಟಲಿ ಎಲ್ಲಿ ಹಾಕುತ್ತಿದ್ದಿರಿ? ಎಂದು ಲಿಫ್ಟು ಕೇಳಿದ್ದಕ್ಕೆ, ಆಸ್ಪತ್ರೆಯ ನರ್ಸಮ್ಮ ಒಂದು ಕ್ಷಣವೂ ತಡೆಯದೆ, "ಪಕ್ಕದ ಬೀದಿ ತೊಟ್ಟಿಗೆ. ನಮ್ಮ ಬೀದಿ ತೊಟ್ಟಿ ನನ್ನ ಮರ್ಯಾದೆ ಕಾಯಲ್ಲ," ಎಂದಳು. ತಂಗಿಯ ಸರದಿ ಬಂದಾಗ ಇಸ್ತ್ರಿ ಬಾಟಲಿಯ ಕಥೆ ತಾನಾಗಿಯೇ ಬಾಯಿಂದ ಬಂತು.

"ಮತ್ತೆ ಇಸ್ತ್ರಿಗೆ ನೀರು ಬೇಕಾದಾಗ ಏನ್ಮಾಡ್ತಿದ್ರಿ?" ಎಂದ ಲಿಫ್ಟು.

"ಬಾಯಲ್ಲಿ ತುಂಬ್ಕೊಂಡು ಉಗೀತಿದ್ದೆ."

ಕೋಣೆ ಗೊಳ್ಳೆಂದಿತು. ಅವಳೂ ನಕ್ಕಳು. ಯಾಕೆ ಕುಡಿಯುತ್ತೀಯ ಎಂದು ಮಾತ್ರ ಅಲ್ಲಿ ಒಬ್ಬರೂ ಕೇಳಲಿಲ್ಲ. ಎಲ್ಲೆಲ್ಲೂ ಮೊದಲು ಕೇಳುವುದೇ ಅದು. ಉತ್ತರ ಇಲ್ಲದ್ದಕ್ಕೆ ತಾನೇ ಅವಳು ಎಲ್ಲರಿಂದ ತಪ್ಪಿಸಿಕೊಂಡು ತಿರುಗಿದ್ದು. ಗುರುವಾರದಿಂದ ಗುರುವಾರಕ್ಕೆ ಅವಳು ಒಂದೊಂದೇ ಹೊಲಿಗೆ ಹಾಕುವಂತೆ ದಾಟಿದಳು. ಆರು ವಾರ ಕಳೆಯಿತು. ಒಂದು ತೊಟ್ಟೂ ಗಂಟಲಿಗಿಳಿಯಲಿಲ್ಲ. ಆ ಗಂಟೆ ತಪ್ಪಿದರೆ ತಾನು ನಿಲ್ಲುವುದಿಲ್ಲ ಎನ್ನುವುದು ಅವಳಿಗೆ ಕೈಬೆರಳಷ್ಟೇ ಚೆನ್ನಾಗಿ ಗೊತ್ತಿತ್ತು.

ಆದರೆ ಕಣ್ಣಿಗೆ ಬೀಗ ಹಾಕಲಾಗುತ್ತದೆಯೇ? ಹೆಸರು ಬೇಡ ಎಂದರೆ ಬೇಡ. ಅವಳು ಮನುಷ್ಯರನ್ನು ಓದುತ್ತಿದ್ದದ್ದೇ ಬಟ್ಟೆಯಿಂದ. ನರ್ಸಮ್ಮ ಒಂದೇ ಕೈಯಲ್ಲಿ ಚೀಲ ಹೊರುತ್ತಾಳೆ, ಬಲಭುಜದ ಬಟ್ಟೆ ಸವೆದಿದೆ. ಲಿಫ್ಟಿನವನ ಪ್ಯಾಂಟಿನ ಅಂಚನ್ನು ಮಡಿಸಿದವರು ಎಡಗೈಯವರು. ಎದುರಿಗೆ ಕೂರುವ, ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ಮನುಷ್ಯನ ಎಡಭುಜ ಅರ್ಧ ಇಂಚು ಇಳಿದಿದೆ. ಇವರನ್ನು ನಕ್ಷೆಯವರು ಎನ್ನುತ್ತಿದ್ದರು. ಬೂದು ಕೋಟು. ಮಾತಾಡುವಾಗ ಅದರ ಎರಡನೆಯ ಗುಂಡಿಯನ್ನು ಹಿಡಿದು ತಿರುಗಿಸುತ್ತಲೇ ಇರುತ್ತಾರೆ.

ನಾಲ್ಕನೆಯ ಗುರುವಾರ ಆ ಕೋಟು ಗಾಳಿಗೆ ಒಂದಿಷ್ಟು ಬಿಚ್ಚಿಕೊಂಡಿತು. ಒಳಮೈಯಲ್ಲಿ, ಎರಡನೆಯ ಗುಂಡಿಯ ಬೆನ್ನಿಗೆ, ಕಡಲೆಕಾಳಿನಷ್ಟು ಪುಟ್ಟ ಹಸಿರು ಗುಂಡಿ. ತಂಗಿಗೆ ಕಂಡಕೂಡಲೇ ಗುರುತು ಸಿಕ್ಕಿತು. ಬಟ್ಟೆ ಜಗ್ಗದಿರಲಿ ಎಂದು ಒಳಗಡೆಯಿಂದ ಹಾಗೆ ಆಸರೆ ಗುಂಡಿ ಕೊಡುವುದು ಅವಳದೇ ಚಾಳಿ; ಬೂದು ಸಿಗದೆ ಹಸಿರು ಹಾಕಿದ್ದೂ ಅವಳೇ. ಆ ಕೋಟನ್ನು ತಂದುಕೊಡುತ್ತಿದ್ದದ್ದು ಒಬ್ಬ ಗಂಭೀರ ಹೆಂಗಸು. ಗುಂಡಿ ಬಿಗಿಯಾಗಿ ಹಾಕಿ, ನಮ್ಮವರು ಎಳೀತಾರೆ ಎನ್ನುವವರು. ಆ "ನಮ್ಮವರು" ಇವರು!

ಗುಟ್ಟು ತಿಳಿದ ಖುಷಿಯೂ ಭಯವೂ ಒಟ್ಟಿಗೇ ಹತ್ತಿದವು. ಅವತ್ತು ನಕ್ಷೆಯವರು ಹೇಳಿದ್ದನ್ನು ಕೇಳಿದ ಮೇಲೆ ಖುಷಿ ಇಳಿಯಿತು, ಭಯ ಉಳಿಯಿತು. ಮೂರು ವರ್ಷದ ಹಿಂದೆ ಅವರು ಹೆಂಡತಿಗೆ ಮಾತು ಕೊಟ್ಟು ಕುಡಿತ ಬಿಟ್ಟಿದ್ದರಂತೆ. ಇನ್ನೊಂದು ಸಲ ಕುಡಿದರೆ ತಮ್ಮನ ಮನೆಗೆ ಹೊರಟುಹೋಗುತ್ತೇನೆ ಎಂದಿದ್ದರಂತೆ ಆಕೆ. ಎರಡು ವರ್ಷ ಸರಿ ಇದ್ದು, ಮತ್ತೆ ಜಾರಿ, ಈಗ ಎಂಟು ವಾರದಿಂದ ಇಲ್ಲಿಗೆ ಬರುತ್ತಿದ್ದಾರೆ. ಜಾರಿದ್ದೂ ಆಕೆಗೆ ಗೊತ್ತಿಲ್ಲ, ಬರುವುದೂ ಗೊತ್ತಿಲ್ಲ. ಗುರುವಾರ ಚದುರಂಗದ ಕೂಟಕ್ಕೆ ಹೋಗುತ್ತೇನೆ ಎಂದು ಹೇಳಿದ್ದಾರೆ.

"ಒಂದು ವರ್ಷ ಗಟ್ಟಿಯಾಗಿ ನಿಂತ ಮೇಲೆ ನಾನೇ ಹೇಳ್ತೀನಿ," ಎಂದರು.

ಎಲ್ಲರೂ ಪ್ರಶ್ನೆ ಕೇಳಿದರು. ತಂಗಿಯೂ ತನ್ನದನ್ನು ಕೇಳಿದಳು: "ಮಾತಾಡುವಾಗ ಆ ಗುಂಡಿ ಯಾಕೆ ತಿರುಗಿಸ್ತೀರಿ?"

ಅವರು ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. "ಮುಚ್ಚಳ ತಿರುಗಿಸಿ ಅಭ್ಯಾಸ. ನೋಡಿ, ಬಿಚ್ಚೋ ದಿಕ್ಕಿಗೇ ತಿರುಗಿಸ್ತಿದೀನಿ."

ಯಾರೂ ನಗಲಿಲ್ಲ.

ಎರಡು ವಾರ ಕಳೆದ ಮೇಲೊಂದು ಸೋಮವಾರ ಬೆಳಿಗ್ಗೆ, ಆ ಗಂಭೀರ ಹೆಂಗಸು ಬೂದು ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಅಂಗಡಿಗೆ ಬಂದರು. ಎರಡನೆಯ ಗುಂಡಿ ಕೈಯಲ್ಲಿತ್ತು.

"ಹೋದ ತಿಂಗಳು ತಾನೇ ಹಾಕಿಸ್ಕೊಂಡು ಹೋದೆ. ಹೀಗೆ ಉದುರಿದ್ರೆ ಹೇಗೆ?"

"ಇಡಿ ಅಮ್ಮಾ, ಹಾಕಿಡ್ತಾಳೆ," ಎಂದಳು ಅಕ್ಕ. "ಆದರೆ ಗುರುವಾರದ ಒಳಗೆ ಬಂದು ತಗೊಂಡು ಹೋಗಿ. ಗುರುವಾರ ಸಂಜೆ ನಮ್ಮ ತಂಗಿ ಸಿಗಲ್ಲ. ಸಭೆಗೆ ಹೋಗ್ತಾಳೆ. ಅದೇ, ಕುಡಿತ ಬಿಟ್ಟವರ ಸಭೆ. ಆರು ವಾರ ಆಯ್ತು, ಒಂದು ತೊಟ್ಟೂ ಮುಟ್ಟಿಲ್ಲ."

ತಂಗಿಗೆ ನೆಲ ಬಿರಿದರೆ ಸಾಕೆನ್ನಿಸಿತು. ಅಕ್ಕ ಅಷ್ಟಕ್ಕೇ ನಿಲ್ಲಿಸಲಿಲ್ಲ. ಗುಂಡಿಯನ್ನು ಬೆಳಕಿಗೆ ಹಿಡಿದು, "ಇದು ಆ ದಿನಗಳಲ್ಲಿ ಹಾಕಿದ್ದಿರಬೇಕು. ಆಗಿನ್ನೂ ಇವಳ ಕೈ ನಡುಗ್ತಿತ್ತು," ಎಂದಳು.

ಕುಡುಕಿ ಎನ್ನಿ, ಸುಳ್ಳಿ ಎನ್ನಿ, ತಂಗಿ ತಲೆ ತಗ್ಗಿಸಿಯಾಳು. ಹೊಲಿಗೆ ಕೆಟ್ಟದ್ದು ಎಂದರೆ ಮಾತ್ರ ಅವಳ ಮೈಯೆಲ್ಲ ಉರಿಯುತ್ತಿತ್ತು. ಕುಡಿದ ದಿನವೂ ಅವಳ ಗುಂಡಿ ಉದುರಿದ್ದಿಲ್ಲ.

"ಹೊಲಿಗೆ ಸರಿಯಾಗೇ ಇದೆ!" ಎಂದಳು ಕೋಟನ್ನು ಕಿತ್ತುಕೊಂಡು. "ಇಲ್ಲಿ ನೋಡು, ದಾರ ಬಿಚ್ಚಿಕೊಂಡಿಲ್ಲ, ತಿರುಚಿ ತಿರುಚಿ ತುಂಡಾಗಿದೆ. ಒಂದೇ ದಿಕ್ಕಿಗೆ. ಕೂತಷ್ಟು ಹೊತ್ತೂ ಇವರು ಗುಂಡಿ ಹೀಗೆ ತಿರುಗಿಸ್ತಾನೇ ಇರ್ತಾರೆ, ಯಾವ ಹೊಲಿಗೆ ತಡಕೊಳ್ಳುತ್ತೆ?"

ಹೇಳುತ್ತಾ ಅವಳು ಹೆಬ್ಬೆರಳು ತೋರುಬೆರಳು ಸೇರಿಸಿ ತಿರುಗಿಸಿಯೂ ತೋರಿಸಿದಳು. ಥೇಟ್ ಅವರಂತೆ.

ಹೆಂಗಸು ಆ ಬೆರಳುಗಳನ್ನೇ ನೋಡಿದರು. "ನಮ್ಮವರನ್ನ ನೀವು ಎಲ್ಲಿ ನೋಡಿದ್ರಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂಗಿ ಕೋಟನ್ನು ಮಡಿಸತೊಡಗಿದಳು. "ಎಲ್ಲೋ... ಬಸ್ಸಲ್ಲಿ," ಎಂದಳು. ಅದನ್ನು ಅಂಗಡಿಯ ಹೊಲಿಗೆ ಯಂತ್ರವೂ ನಂಬುತ್ತಿರಲಿಲ್ಲ.

"ಗುರುವಾರ ಅವರು ಚದುರಂಗಕ್ಕೆ ಹೋಗ್ತಾರೆ," ಎಂದರು ಆಕೆ ನಿಧಾನವಾಗಿ, ಯಾರಿಗೂ ಅಲ್ಲ ಎಂಬಂತೆ. ಕೋಟಿನ ರಸೀದಿಯನ್ನೂ ತೆಗೆದುಕೊಳ್ಳದೆ ಮೆಟ್ಟಿಲಿಳಿದು ಹೋದರು.

ಆ ಮಧ್ಯಾಹ್ನ ತಂಗಿಯ ಗಂಟಲು ಒಣಗಿದ್ದು ನೀರಿಗಲ್ಲ. ಬೀದಿಯ ತಿರುವಿನಲ್ಲಿ ಅವಳು ಬಾಟಲಿ ಕೊಳ್ಳುತ್ತಿದ್ದ ಹೆಂಡದಂಗಡಿ ಇದೆ, ಬಾಗಿಲು ತೆರೆದಿರುತ್ತದೆ, ಏಳು ನಿಮಿಷದ ದಾರಿ. ಅವಳು ಫೋನು ಎತ್ತಿ ಮಾಸ್ತರಿಗೆ ಮಾಡಿದಳು. ಅತ್ತ ಕಡೆ ಯಾರೋ ಗೇರು ಬದಲಿಸಿ ಗರ್ರೆನ್ನಿಸಿದ ಸದ್ದು.

"ಒಂದ್ನಿಮಿಷ, ಗಾಡಿ ಬದಿಗೆ ಹಾಕಿಸ್ತೀನಿ... ಹೇಳಿ ದರ್ಜಿ."

ಅವಳು ಎಲ್ಲ ಹೇಳಿದಳು. ಮಾಸ್ತರು ಉಸಿರು ಬಿಟ್ಟದ್ದು ಕೇಳಿಸಿತು. "ನಕ್ಷೆಯವರಿಗೆ ಇದು ಯಾರ ಬಾಯಿಂದ ಮೊದಲು ಗೊತ್ತಾಗ್ಬೇಕು?"

"ಇದು ಪ್ರಶ್ನೆಯೋ ಬುದ್ಧಿವಾದವೋ?"

"ನಡುವೆ ಎಲ್ಲೋ ಇದೆ. ಗುರುವಾರ ಕಪ್ಪು ನಾನೇ ತೊಳೀತೀನಿ, ಬಿಡಿ."

ಮಂಗಳವಾರ ಮಧ್ಯಾಹ್ನ ಅವಳು ಸರ್ವೆ ಕಚೇರಿಯ ಕಿಟಕಿಯ ಮುಂದೆ ನಿಂತಳು. ಆಮೇಲೆ ಹೊಳೆಯಿತು: ಆ ಮನುಷ್ಯನ ಹೆಸರೇ ಅವಳಿಗೆ ಗೊತ್ತಿಲ್ಲ.

"ಯಾರು ಬೇಕಮ್ಮಾ?" ಎಂದ ಗುಮಾಸ್ತ.

"ನಕ್ಷೆ ಬರೀತಾರೆ. ಬೂದು ಕೋಟು."

"ಇಲ್ಲಿ ಹನ್ನೊಂದು ಜನ ನಕ್ಷೆ ಬರೀತಾರೆ. ಎಲ್ಲರ ಕೋಟೂ ಬೂದೇ. ಹೆಸರು ಹೇಳಿ."

ಅವಳು ಕಣ್ಣು ಮುಚ್ಚಿ ಕೋಟನ್ನು ಹಲಗೆಯ ಮೇಲೆ ಹರಡಿಕೊಂಡಳು. "ಎದೆ ನಲವತ್ತು. ತೋಳು ಇಪ್ಪತ್ನಾಲ್ಕು ಮುಕ್ಕಾಲು. ಎಡಭುಜ ಅರ್ಧ ಇಂಚು ಕೆಳಗೆ. ಬಲ ಮೊಣಕೈ ಮೇಜಿಗೆ ಉಜ್ಜಿ ಉಜ್ಜಿ ಹೊಳೀತಿರುತ್ತೆ."

ಗುಮಾಸ್ತ ಅವಳನ್ನು ಮೇಲಿಂದ ಕೆಳಗೆ ನೋಡಿದ. ಹೆಸರು ಗೊತ್ತಿಲ್ಲ, ಎದೆಯ ಅಳತೆ ಗೊತ್ತು. ಅವನ ಮುಖದಲ್ಲಿ ಎಂಥೆಂಥದೋ ಯೋಚನೆ ಹಾದುಹೋಯಿತು. "ಓ, ವಾಲುಗೋಪುರನಾ? ಕೂತ್ಕೊಳ್ಳಿ, ಕರೀತೀನಿ," ಎಂದು ಹಲ್ಲು ಕಿಸಿಯುತ್ತಾ ಒಳಗೆ ಹೋದ.

ನಕ್ಷೆಯವರು ಬಂದರು. ಕೋಟಿಲ್ಲದೆ ಇನ್ನೂ ತೆಳ್ಳಗೆ ಕಂಡರು. ಅವಳನ್ನು ಕಂಡದ್ದೇ ಹಿಂದೆ ಮುಂದೆ ನೋಡಿ, ಮೆಟ್ಟಿಲ ಕೆಳಗೆ ಹಳೆಯ ನಕ್ಷೆಗಳನ್ನು ಸುರುಳಿ ಸುತ್ತಿ ನಿಲ್ಲಿಸಿದ್ದ ಮೂಲೆಗೆ ಕರೆದೊಯ್ದರು.

"ಹೊರಗೆ ಗುರುತಿಲ್ಲ ಅಂತ ತಾನೇ ನಿಯಮ?"

"ನಿಯಮ ನಿನ್ನೇನೇ ಮುರಿದೆ. ಅದನ್ನ ಹೇಳೋಕೆ ಬಂದೆ."

ಅವಳು ಹೇಳಿದಳು. ಬಸ್ಸಿನ ಸುಳ್ಳನ್ನೂ, ಬೆರಳು ತಿರುಗಿಸಿ ತೋರಿಸಿದ್ದನ್ನೂ ಬಿಡಲಿಲ್ಲ. ಅವರು ಗೋಡೆಗೆ ಒರಗಿಕೊಂಡರು.

"ಅದಕ್ಕೇ," ಎಂದರು. "ನಿನ್ನೆ ಊಟಕ್ಕೆ ಕೂತಾಗ ಕೇಳಿದ್ಲು, ಚದುರಂಗದಲ್ಲಿ ಕುದುರೆ ಹೇಗೆ ನಡೆಯುತ್ತೆ ಅಂತ. ಹತ್ತು ವಾರದಲ್ಲಿ ಒಂದು ಸಲಾನೂ ಕೇಳಿರ್ಲಿಲ್ಲ."

"ಏನಂದ್ರಿ?"

"ನೆಟ್ಟಗೆ ಅಂದೆ."

ನಗು ಬರುವಂಥ ಮಾತು, ಇಬ್ಬರಿಗೂ ಬರಲಿಲ್ಲ. ಅವರ ಬೆರಳುಗಳು ಎದೆಯ ಮೇಲೆ ಗುಂಡಿ ಹುಡುಕಿ, ಕಾಣದೆ, ಅಂಗಿಯನ್ನೇ ಹಿಡಿದುಕೊಂಡವು.

"ನಿಮ್ಮ ಹೊಲಿಗೆ ಹೆಚ್ಚೋ ನನ್ನ ಸಂಸಾರ ಹೆಚ್ಚೋ?" ದನಿ ಏರಿಸಲಿಲ್ಲ, ಏರಿಸಿದ್ದರೆ ಅವಳಿಗೆ ಹಗುರವಾಗುತ್ತಿತ್ತು. "ಒಂದು ವರ್ಷ ಬೇಕಿತ್ತು ನನಗೆ. ಒಂದು ವರ್ಷ ನಿಂತು ತೋರಿಸಿ ಹೇಳ್ಬೇಕು ಅಂತಿದ್ದೆ. ಇನ್ನು ಆ ಕೋಣೇಲಿ ನಿಮ್ಮ ಕಣ್ಣೆದುರು ಕೂತು ನಾನು ಏನು ಮಾತಾಡ್ಲಿ? ಎಲ್ಲಿ ದಾರ ಬಿಚ್ಚಿದೆ ಅಂತ ನೋಡ್ತಾ ಕೂತಿರ್ತೀರಿ. ನೀವು ಬರೋದಾದ್ರೆ ನಾನು ಬರಲ್ಲ."

ಅವರು ಒಳಗೆ ಹೋದರು.

ಅಂಗಡಿಗೆ ಮರಳಿದ ತಂಗಿ ಸಂಜೆಯವರೆಗೂ ಒಂದೇ ಪ್ಯಾಂಟಿನ ಅಂಚನ್ನು ಹೊಲಿಯುತ್ತಾ ಬಿಚ್ಚುತ್ತಾ ಕೂತಳು. ಅಕ್ಕ ಎರಡು ಸಲ ಹಿಂದಿನಿಂದ ಹಾದುಹೋದಳು. ಮೂರನೆಯ ಸಲ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

"ನಾನೂ ಬಾಯಿ ಬಿಡಬಾರದಿತ್ತು ಕಣೇ. ಹೆಮ್ಮೆ ಅನ್ನಿಸ್ತು, ಹೇಳ್ಬಿಟ್ಟೆ. ಎಷ್ಟೋ ವರ್ಷದ ಮೇಲೆ ನಿನ್ನ ಬಗ್ಗೆ ಹೇಳ್ಕೊಳ್ಳೋಕೆ ಒಂದು ಒಳ್ಳೇದು ಸಿಕ್ತು, ಯಾರಿಗೆ ಹೇಳ್ಲಿ ಅನ್ನಿಸ್ತು."

"ಕೈ ನಡುಗ್ತಿತ್ತು ಅಂದದ್ದೂ ಹೆಮ್ಮೆಗೇನಾ?"

"ಅದು ಬಾಯಿಚಟ." ಅಕ್ಕ ಅವಳ ಕೈಯಿಂದ ಪ್ಯಾಂಟು ತೆಗೆದುಕೊಂಡಳು. "ಊರಲ್ಲಿ ಇದೊಂದೇ ಸಭೆ ಏನೇ? ಬೇರೆ ಕಡೆ ಹೋದ್ರಾಯ್ತು."

"ನನಗೆ ಗೊತ್ತಿರೋದು ಇದೊಂದೇ ಅಕ್ಕಾ. ಬೇರೆ ಸಿಗೋವರೆಗೆ ಹೇಗಿರ್ತೀನೋ ಗೊತ್ತಿಲ್ಲ."

ಅಕ್ಕ ಪ್ಯಾಂಟಿನ ದಾರ ಕಡಿದಳು. ಬುಧವಾರ ಇಡೀ ದಿನ ಅವಳು ತಂಗಿಯನ್ನು ಒಬ್ಬಳನ್ನೇ ಬಿಡಲಿಲ್ಲ. ಗುಂಡಿ ತರುವುದಕ್ಕೂ ತಾನೇ ಹೋಗಿ, ಹಸಿರು ಬೇಕಾದಲ್ಲಿ ನೀಲಿ ತಂದಳು.

ತಂಗಿ ಬುಧವಾರವೇ ತೀರ್ಮಾನಿಸಿದ್ದಳು. ತನಗಿಂತ ಮೊದಲು ಬಂದವರು ಅವರು, ಕೆಡಿಸಿದ್ದು ತಾನು. ಕುರ್ಚಿ ಬಿಡಬೇಕಾದದ್ದೂ ತಾನೇ. ಅದನ್ನು ಮಾಸ್ತರಿಗೆ ಮುಖತಃ ಹೇಳಿ, ಸಾಧ್ಯವಾದರೆ ಬೇರೆ ಯಾವುದಾದರೂ ಕೋಣೆಯ ವಿಳಾಸ ಇಸಿದುಕೊಂಡು, ಆರು ಗಂಟೆಗೆ ಮುಂಚೆ ಹೊರಟುಬಿಡಬೇಕು. ಏಳು ನಿಮಿಷದ ದಾರಿಯಲ್ಲಿರುವ ಆ ಅಂಗಡಿಯನ್ನು ದಾಟಿಸಲು ಅಕ್ಕ ಕಾರು ಶಾಲೆ ಕಾಣುವ ತಿರುವಿನವರೆಗೂ ಜೊತೆಗೆ ಬಂದು ನಿಲ್ಲುತ್ತೇನೆ ಎಂದಿದ್ದಳು.

ಗುರುವಾರ ಐದೂವರೆಗೆ ಕಾರು ಶಾಲೆಯ ಮುಂದೆ ಬಂದರೆ, ಮೆಟ್ಟಿಲ ಬಳಿಯ ಹಲಗೆಯ ಎದುರಿಗೆ ಒಬ್ಬರು ನಿಂತು ಚೀಟಿ ಓದುತ್ತಿದ್ದರು. ಆ ಬೆನ್ನನ್ನು, ಆ ನೆಟ್ಟಗೆ ಕೂತ ರವಿಕೆಯ ಕಾಲರನ್ನು ತಂಗಿ ಗುರುತು ಹಿಡಿದಳು. ತಿರುಗಿ ಓಡಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ಆಕೆಯೇ ತಿರುಗಿದರು.

"ನೀವು ಗುಂಡಿ ದಾರ ತರೋ ಸಗಟು ಅಂಗಡೀಲಿ ವಿಚಾರಿಸಿದೆ. ಗುರುವಾರ ಈ ಮೆಟ್ಟಿಲು ಹತ್ತುತ್ತೀರಿ ಅಂದ್ರು." ಮುಖದಲ್ಲಿ ಸಿಟ್ಟಿರಲಿಲ್ಲ, ಮೂರು ರಾತ್ರಿ ನಿದ್ದೆ ಇಲ್ಲದ ಕಣ್ಣುಗಳು. "ನಮ್ಮವರೂ ಹತ್ತುತ್ತಾರಾ?"

ಹೌದು ಎಂದರೆ ಇನ್ನೊಮ್ಮೆ ದ್ರೋಹ. ಇಲ್ಲ ಎಂದರೆ ಸುಳ್ಳು. ಹಾವೂ ಸಾಯದೆ ಕೋಲೂ ಮುರಿಯದೆ ಹೇಗೆ? ತಂಗಿ ಒಂದೊಂದೇ ಮಾತನ್ನು ಸೂಜಿಗೆ ಪೋಣಿಸುವಂತೆ ಹುಡುಕಿದಳು.

"ಅಮ್ಮಾ, ಬೇರೆಯವರ ವಿಷಯ ನಾನು ಹೇಳಲ್ಲ. ಒಂದು ಸಲ ಬಾಯಿ ಬಿಟ್ಟು ಎಡವಟ್ಟಾಗಿದೆ. ನನ್ನ ವಿಷಯ ಏನು ಬೇಕಾದ್ರೂ ಕೇಳಿ. ನಾನು ಕುಡೀತಿದ್ದವಳು. ಒಂದೂ ಮುಚ್ಚಿಡದೆ ಹೇಳ್ತೀನಿ."

ಹೆಂಗಸು ಆ ಮಾತನ್ನು ತಿರುವಿ ಮುರುವಿ ನೋಡಿದರು. ಆಮೇಲೆ ಕೆಳಗಿನ ಮೆಟ್ಟಿಲಿನ ಧೂಳನ್ನು ಕೈಯಿಂದ ಒರೆಸಿ ಕೂತರು. ತಂಗಿಯೂ ಕೂತಳು.

"ಎಲ್ಲಿ ಬಚ್ಚಿಡ್ತಿದ್ರಿ?"

"ಇಸ್ತ್ರಿ ನೀರಿನ ಬಾಟಲಿಯಲ್ಲಿ. ಅದಕ್ಕೆ ಮುಂಚೆ ಚಿಂದಿ ಬಟ್ಟೆ ಪೆಟ್ಟಿಗೆಯ ತಳದಲ್ಲಿ."

"ವಾಸನೆ?"

"ಏಲಕ್ಕಿ. ಮೂರು ಮೂರು ಒಟ್ಟಿಗೆ ಅಗೀತಿದ್ದೆ. ಈಗ ಏಲಕ್ಕಿ ಕಂಡ್ರೆ ಹೊಟ್ಟೆ ತೊಳಸುತ್ತೆ."

ಆಕೆಯ ಕಣ್ಣು ಒಂದು ಕ್ಷಣ ಎಲ್ಲೋ ಮನೆಯೊಳಕ್ಕೆ ಹೋಗಿ, ಯಾವುದೋ ಜೇಬನ್ನೋ ಡಬ್ಬಿಯನ್ನೋ ಮುಟ್ಟಿ ಬಂತು. "ಬಿಡ್ತೀನಿ ಅಂತ ಮಾತು ಕೊಟ್ಟಿದ್ರಾ?"

"ಮೂರು ಸಲ."

"ಮಾತು ಕೊಟ್ಟ ಮೇಲೂ ಯಾಕೆ ಕುಡಿದ್ರಿ?"

ಮೇಲಿನ ಕೋಣೆಯಲ್ಲಿ ಯಾರೂ ಕೇಳದ ಪ್ರಶ್ನೆ, ಕೊನೆಗೂ ಕೆಳಗಿನ ಮೆಟ್ಟಿಲಲ್ಲಿ ಎದುರಾಯಿತು. ತಂಗಿ ತಪ್ಪಿಸಿಕೊಳ್ಳಲಿಲ್ಲ. "ಗೊತ್ತಿಲ್ಲಮ್ಮಾ. ಹುಡುಕ್ತಾ ಇದೀನಿ. ಒಂದು ಮಾತ್ರ ಗೊತ್ತು. ಮಾತು ಕೊಡುವಾಗ ನಾನು ಸುಳ್ಳು ಹೇಳ್ತಿರ್ಲಿಲ್ಲ. ಮೂರು ಸಲವೂ ನಿಜವಾಗ್ಲೂ ಬಿಡ್ತೀನಿ ಅಂತಲೇ ಕೊಟ್ಟಿದ್ದೆ. ನಾಲ್ಕು ದಿನ ಆದಮೇಲೆ ಕೈ ತಾನಾಗಿ ಹೋಯ್ತು. ಹೇಳಿದ್ರೆ ಅಕ್ಕ ಬಿಟ್ಟು ಹೋಗ್ತಾಳೆ ಅಂತ ಹೆದರಿಕೆ. ಆ ಹೆದರಿಕೆಗೆ ಇನ್ನೊಂದಿಷ್ಟು ಕುಡೀತಿದ್ದೆ."

"ನಿಮ್ಮಕ್ಕ ಯಾಕೆ ಬಿಟ್ಟು ಹೋಗ್ಲಿಲ್ಲ?"

"ಅಂಗಡಿ ಬೀಗದ ಕೈ ಅವಳ ಹತ್ರ ಇದೆ. ಹೋಗೋದಾದ್ರೆ ನಾನೇ ಹೋಗ್ಬೇಕಿತ್ತು."

ಆಕೆಗೆ ಬೇಡವೆಂದರೂ ನಗು ಬಂತು. ಮೂಗಿನಿಂದ ಹೊರಟ ಒಂದು ತುಣುಕು ನಗು. ಅದು ಮುಗಿಯುವ ಮೊದಲೇ ಬೀದಿಯ ಆಚೆ ಬದಿಯಿಂದ ನಕ್ಷೆಯವರು ದಾಟಿ ಬಂದರು. ಇವರಿಬ್ಬರನ್ನೂ ಒಂದೇ ಮೆಟ್ಟಿಲ ಮೇಲೆ ಕಂಡು, ಪಾದಚಾರಿ ದಾರಿಯ ಅಂಚಿನಲ್ಲೇ ನಿಂತುಬಿಟ್ಟರು.

"ನಾನು ಏನೂ ಹೇಳಿಲ್ಲ," ಎಂದಳು ತಂಗಿ ಥಟ್ಟನೆ.

"ಹೇಳಿಲ್ಲ," ಎಂದರು ಆಕೆ. "ಎಷ್ಟು ಕೇಳಿದ್ರೂ ಹೇಳಿಲ್ಲ. ತಮ್ಮದೇ ಹೇಳ್ಕೊಂಡ್ರು." ಎದ್ದು ಸೀರೆಯ ಹಿಂಭಾಗವನ್ನು ಕೊಡವಿಕೊಂಡರು. "ಚದುರಂಗ ಇಲ್ಲೇನಾ?"

ನಕ್ಷೆಯವರು ತಂಗಿಯನ್ನು ನೋಡಿದರು, ಚೀಟಿಯನ್ನು ನೋಡಿದರು. "ಚದುರಂಗ ಇಲ್ಲ. ಯಾವತ್ತೂ ಇರ್ಲಿಲ್ಲ."

"ಎಷ್ಟು ವಾರ ಆಯ್ತು?"

"ಬಿಟ್ಟು ಹತ್ತು."

"ಅದಕ್ಕೆ ಮುಂಚೆ?"

"ಎಂಟು ತಿಂಗಳು ಕುಡಿದೆ. ನಿನಗೆ ಗೊತ್ತಾಗದ ಹಾಗೆ."

ಬೀದಿಯಲ್ಲಿ ಕಲಿಯುವವರ ಕಾರೊಂದು ಕುಪ್ಪಳಿಸುತ್ತಾ ಹೋಯಿತು. ಆಕೆ ಅದು ಮರೆಯಾಗುವವರೆಗೂ ನೋಡಿದರು.

"ತಮ್ಮನಿಗೆ ಫೋನ್ ಮಾಡಿದೀನಿ, ನಾಳೆ ಬರ್ತೀನಿ ಅಂತ."

ಅವರು ತಲೆಯಾಡಿಸಿದರು.

"ನಾಳೆದು ನಾಳೆ ನೋಡೋಣ. ಇವತ್ತು ಹೋಗಿ ಬನ್ನಿ. ಎಷ್ಟು ಹೊತ್ತು?"

"ಒಂದು ಗಂಟೆ."

"ಇಲ್ಲೇ ಇರ್ತೀನಿ," ಎಂದು ಆಕೆ ಮತ್ತೆ ಅದೇ ಮೆಟ್ಟಿಲ ಮೇಲೆ, ಗೋಡೆಯ ಕಡೆಗೆ ಸರಿದು, ಹತ್ತುವವರಿಗೆ ದಾರಿ ಬಿಟ್ಟು ಕೂತರು.

ತಂಗಿ ಮೆಲ್ಲಗೆ ಬೀದಿಯ ಕಡೆಗೆ ಹೆಜ್ಜೆ ಹಾಕಿದಳು. ಮಾಸ್ತರಿಗೆ ಫೋನಿನಲ್ಲೇ ಹೇಳಿದರಾಯಿತು. ತಿರುವಿನಲ್ಲಿ ಅಕ್ಕ ನಿಂತಿದ್ದಾಳೆ.

"ಎಲ್ಲಿಗೆ?" ಎಂದರು ನಕ್ಷೆಯವರು ಮೂರನೆಯ ಮೆಟ್ಟಿಲಿನಿಂದ.

"ನೀವು ಅಂದಿದ್ರಲ್ಲ, ನಾನು ಬಂದ್ರೆ..."

"ಅಂದಿದ್ದೆ." ಅವರು ಕೈಗಂಬಿ ಹಿಡಿದು ಕೆಳಗೆ ನೋಡಿದರು. ಕೆಳಗೆ ಕೂತವರ ಬೆನ್ನನ್ನೂ ನೋಡಿದರು. "ಇನ್ನು ನಿಮ್ಮಿಂದ ಮುಚ್ಚಿಡೋಕೆ ನನ್ನ ಹತ್ರ ಏನೂ ಉಳಿದಿಲ್ಲ. ಸಿಟ್ಟು ಹೋಗಿಲ್ಲ, ಗೊತ್ತಿರ್ಲಿ."

"ಗೊತ್ತು."

"ಕುರ್ಚಿ ದೂರ ಹಾಕ್ಕೊಳ್ಳಿ. ನನ್ನ ಎದುರು ಬೇಡ."

ತಂಗಿ ತಿರುವಿನ ಕಡೆಗೆ ಕೈ ಬೀಸಿದಳು, ನೀನು ಹೋಗು ಎಂದು. ಅಕ್ಕ ಹೋಗಲಿಲ್ಲ, ಅಲ್ಲೇ ನಿಂತು, ಮೆಟ್ಟಿಲ ಮೇಲೆ ಕೂತವರು ಯಾರು ಎಂದು ಕತ್ತು ಉದ್ದ ಮಾಡಿ ನೋಡತೊಡಗಿದಳು.

ಮೇಲೆ ಆಗಲೇ ನಾಲ್ವರು ಬಂದಿದ್ದರು. ತಂಗಿ ತನ್ನ ಕುರ್ಚಿಯನ್ನು ವೃತ್ತದಿಂದ ಎಳೆದು, ಲಿಫ್ಟಿನವನ ಬೆನ್ನ ಹಿಂದೆ, ಗೋಡೆಗೆ ತಾಗಿಸಿ ಹಾಕಿಕೊಂಡಳು. ಮಾಸ್ತರು ನೋಡಿದರು, ಯಾಕೆ ಎಂದು ಕೇಳಲಿಲ್ಲ. ಅಲ್ಲಿಂದ ಅವಳಿಗೆ ನಕ್ಷೆಯವರು ಕಾಣುತ್ತಿರಲಿಲ್ಲ. ಲಿಫ್ಟಿನವನ ಅಗಲವಾದ ಅಂಗಿ ಮಾತ್ರ ಕಾಣುತ್ತಿತ್ತು.

"ಇವತ್ತು ನಾನು ಮೊದಲು ಮಾತಾಡ್ತೀನಿ," ಎಂಬ ದನಿ ಆ ಅಂಗಿಯ ಆಚೆಯಿಂದ ಬಂತು. "ನನ್ನ ಹೆಂಡತಿ ಕೆಳಗೆ ಕೂತಿದಾಳೆ."

ಅವರ ಬೆರಳುಗಳು ಈಗ ಏನು ಮಾಡುತ್ತಿವೆಯೋ? ತಂಗಿಗೆ ತಡೆಯಲಾಗಲಿಲ್ಲ, ಎಡಕ್ಕೆ ವಾಲಿದಳು. ಅದೇ ಕ್ಷಣಕ್ಕೆ ಲಿಫ್ಟಿನವನೂ ಎಡಕ್ಕೆ ವಾಲಿದ. ಬಲಕ್ಕೆ ವಾಲಲು ಹೊರಟವಳು ಅರ್ಧದಲ್ಲೇ ನಿಂತು, ನೆಟ್ಟಗೆ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳತೊಡಗಿದಳು.